ಆಕಾಶಕ್ಕೆ ಹೊಡೆದ ಕೂರಿಗೆ

ನನ್ನ ಹೆಸರಿನ ಮುಂದೆ ಡಾಕ್ಟರ್ ಎಂದು ಬರೆಯಬೇಡಿ ಎಂದು ಕಾಲೇಜಿನ ಕ್ಲಾರ್ಕಿಗೆ ಎಷ್ಟು ಸಲ ಹೇಳಿದ್ದೇನೋ ನನಗೇ ನೆನಪಿಲ್ಲ. ಆತ ನಗುತ್ತಾನೆ. 'ಇರಲ್ರಿ ಮೇಡಂ, ಕಷ್ಟಪಟ್ಟ ತಗೊಂಡೀರಿ' ಎಂದು ಮತ್ತೆ ಬರೆಯುತ್ತಾನೆ. ನನ್ನದು ವಿನಯ ಎಂದು ಅವನ ತಿಳಿವಳಿಕೆ. ಕಷ್ಟಪಟ್ಟಿದ್ದು ಸುಳ್ಳಲ್ಲ, ಏಳು ವರ್ಷ ಪಟ್ಟಿದ್ದೇನೆ. ಆದರೆ ಅದಕ್ಕಾಗಿ ಯಾರ ಕಣ್ಣು ಕಿತ್ತುಕೊಂಡೆ ಎಂಬುದು ಅವನಿಗೆ ಗೊತ್ತಿಲ್ಲ. ಅದು ಗೊತ್ತಿರುವವಳು ನಾನೊಬ್ಬಳೇ.

ತೊಂಬತ್ತರ ದಶಕದ ಮಾತು. ಗೋಕಾಕಿನ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತಿದ್ದೆ. ತವರು ಮಮದಾಪುರ, ಕೊಟ್ಟ ಮನೆ ಹುಕ್ಕೇರಿ. ದಿನಾ ಹುಕ್ಕೇರಿಯಿಂದ ಬಸ್ಸಿನಲ್ಲಿ ಬಂದು ದಿನಾ ಹಿಂದಿರುಗುವುದು. ನಮ್ಮದು ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ನಾನು ಪಿಎಚ್‌ಡಿಗೆ ಹೆಸರು ಹಚ್ಚಿದಾಗ ಅತ್ತೆ ಅರ್ಧ ಮರಾಠಿ ಬೆರೆಸಿ ಒಂದೇ ಮಾತು ಹೇಳಿದ್ದರು: 'ನೌಕರಿ ಮಾಡು, ಎಷ್ಟರ ಸಾಲಿ ಕಲಿ, ನಂದೇನ ಹರಕತ್ ಇಲ್ಲ. ತಾಟಿನ ಮುಂದ ಮಾತ್ರ ಹೊತ್ತಿಗೆ ಸರಿಯಾಗಿ ಬಂದ ಕುಂದ್ರಬೇಕು.' ಹೀಗಾಗಿ ನಾಲ್ಕರ ಬಸ್ಸು ನನ್ನ ಪಾಲಿನ ಗಡಿ. ಬೇರೆ ಊರಿನ ಸಂಶೋಧಕರು ಬೆಳಗಾಗುವ ತನಕ ಕಂಪ್ಯೂಟರಿನ ಮುಂದೆ ಕೂರುತ್ತಾರೆಂದು ಕೇಳಿದ್ದೆ. ನಾನು ಯಂತ್ರ ಶುರು ಮಾಡಿ, ಕೋಣೆಗೆ ಕೀಲಿ ಹಾಕಿ, ಬಸ್ಸಿಗೆ ಓಡುತ್ತಿದ್ದೆ.

ವಿಷಯ ಏನು ಎಂದು ಬಸ್ಸಿನಲ್ಲಿ ಕೇಳಿದವರು ಮೊದಲು ನನ್ನ ಮುಖ ನೋಡುತ್ತಿದ್ದರು, ಆಮೇಲೆ ಕೈಚೀಲ. ಚೀಲದಲ್ಲಿ ಮೆಂತ್ಯದ ಸೊಪ್ಪಿನ ಪಕ್ಕದಲ್ಲಿ ಫ್ಲಾಪಿಗಳಿರುತ್ತಿದ್ದವು. ವಿಶ್ವದಲ್ಲಿ ಗ್ಯಾಲಕ್ಸಿಗಳು ಒಂದು ಕಡೆ ದಟ್ಟವಾಗಿ, ಒಂದು ಕಡೆ ಏನೂ ಇಲ್ಲದಂತೆ ಯಾಕೆ ಹರಡಿವೆ ಎಂಬುದು ಪ್ರಶ್ನೆ. ಗುರುತ್ವ ಎಲ್ಲವನ್ನೂ ಎಲ್ಲದರ ಕಡೆಗೆ ಎಳೆಯುತ್ತದೆ. ಎರಡೇ ಕಾಯಗಳಿದ್ದರೆ ಅವು ಎಲ್ಲಿಗೆ ಹೋಗುತ್ತವೆ ಎಂದು ಕಾಗದದ ಮೇಲೆ ಬಿಡಿಸಬಹುದು. ಮೂರಾದರೆ ಅಲ್ಲಿಗೇ ಮುಗ್ಗರಿಸುತ್ತೇವೆ. ಅದಕ್ಕಿಂತ ಹೆಚ್ಚಾದರೆ ಕಂಪ್ಯೂಟರಿನ ಕಾಲು ಹಿಡಿಯಬೇಕು. ಅದರೊಳಗೆ ಒಂದು ಕಾಲ್ಪನಿಕ ಪೆಟ್ಟಿಗೆ, ಪೆಟ್ಟಿಗೆಯ ತುಂಬ ಚುಕ್ಕಿಗಳು, ಒಂದೊಂದು ಚುಕ್ಕಿಗೂ ಕೋಟಿ ಕೋಟಿ ಸೂರ್ಯರ ತೂಕ. ಮೊದಲು ಅವನ್ನು ಸಾಲು ಹಿಡಿದು ಜೋಡಿಸುತ್ತಿದ್ದೆ: ಸಾಲಿಗೆ ಮೂವತ್ತೆರಡು ಚುಕ್ಕಿ, ಪದರಿಗೆ ಮೂವತ್ತೆರಡು ಸಾಲು, ಅಂಥ ಮೂವತ್ತೆರಡು ಪದರು. ವಿಶ್ವ ಎಳೆಯದಾಗಿದ್ದಾಗ ಅದರ ದಟ್ಟಣೆಯಲ್ಲಿ ಸಣ್ಣ ಸಣ್ಣ ಏರಿಳಿತಗಳಿದ್ದವು, ಅದಕ್ಕೆ ತಕ್ಕ ಹಾಗೆ ಒಂದೊಂದು ಚುಕ್ಕಿಯನ್ನೂ ಕೂದಲೆಳೆಯಷ್ಟು ಸರಿಸುತ್ತಿದ್ದೆ. ಮುಂದಿನದನ್ನು ಗುರುತ್ವಕ್ಕೆ ಬಿಟ್ಟುಕೊಟ್ಟು ನಾಲ್ಕರ ಬಸ್ಸು ಹಿಡಿಯುತ್ತಿದ್ದೆ.

ಇದರಲ್ಲಿ ಎಷ್ಟು ವಿಶ್ವದ್ದು, ಎಷ್ಟು ನನ್ನದು ಎಂಬ ಅನುಮಾನ ಮೊದಲ ವರ್ಷದಿಂದಲೂ ಇತ್ತು. ಎರಡು ಚುಕ್ಕಿ ತೀರ ಹತ್ತಿರ ಬಂದರೆ ಸೆಳೆತ ಮಿತಿಮೀರಿ ಕವಣೆಗಲ್ಲಿನಂತೆ ದಿಕ್ಕಾಪಾಲಾಗಿ ಸಿಡಿಯುತ್ತವೆ. ನಿಜವಾದ ವಿಶ್ವದಲ್ಲಿ ಅಂಥ ಚುಕ್ಕಿಗಳೇ ಇಲ್ಲ, ಸಿಡಿತವೂ ಇಲ್ಲ. ಅದಕ್ಕೆ ಹತ್ತಿರದ ಸೆಳೆತವನ್ನು ನಾವೇ ಮೆತ್ತಗೆ ಮಾಡಿಡಬೇಕು. ಎಷ್ಟು ಮೆತ್ತಗೆ? ಯಾರೂ ಹೇಳಿಲ್ಲ. ನಾನೇ ಒಂದು ಅಂಕಿ ಹಾಕುತ್ತಿದ್ದೆ. ಹೆಚ್ಚಾದರೆ ಗುಂಪುಗಳೆಲ್ಲ ಗಂಜಿಯಾಗುತ್ತಿದ್ದವು, ಕಡಿಮೆಯಾದರೆ ಬಿಸಿ ಹಂಚಿನ ಮೇಲಿನ ಜೋಳದಂತೆ ಚಟಪಟ ಎನ್ನುತ್ತಿದ್ದವು. ಚಿತ್ರ ಚೆನ್ನಾಗಿ ಬರುವ ಅಂಕಿಯನ್ನು ಉಳಿಸಿಕೊಳ್ಳುತ್ತಿದ್ದೆ. ಸೃಷ್ಟಿಯ ಗುಟ್ಟು ಹುಡುಕಲು ಹೊರಟವಳು ಮಾಡುತ್ತಿದ್ದುದು ಇದನ್ನೇ.

ಮೇಲಾಗಿ ಕರೆಂಟು. ನಡುವೆ ಹೋದರೆ, ಫ್ಲಾಪಿಯಲ್ಲಿ ಉಳಿಸಿಟ್ಟಲ್ಲಿಂದ ಮತ್ತೆ ಶುರು. ಫ್ಲಾಪಿಯಲ್ಲಿ ಜಾಗ ಸಾಲದೆಂದು ನಾನು ಅಂಕಿಗಳ ದಶಾಂಶದ ಬಾಲ ಕತ್ತರಿಸಿ ಇಡುತ್ತಿದ್ದೆ. ಒಮ್ಮೆ ಕುತೂಹಲಕ್ಕೆ, ಕರೆಂಟು ಹೋಗದೆ ಮುಗಿದ ಲೆಕ್ಕದ ಓಟವನ್ನೂ ನಡುವೆ ನಿಂತು ಶುರುವಾದ ಓಟವನ್ನೂ ಹೋಲಿಸಿದೆ. ಒಂದು ಚುಕ್ಕಿಯೂ ತನ್ನ ಜಾಗದಲ್ಲಿರಲಿಲ್ಲ. ಆ ಬಾಲದಷ್ಟು ತಪ್ಪು ಬೆಳೆದು ಬೆಳೆದು ಎಲ್ಲವನ್ನೂ ಬೇರೆ ಕಡೆ ಒಯ್ದಿತ್ತು. ಎದೆ ಒಡೆದು ಗೈಡ್ ಹತ್ತಿರ ಓಡಿದೆ. ಅವರು ಧಾರವಾಡದಲ್ಲಿದ್ದರು, ನಿವೃತ್ತಿ ಹತ್ತಿರ ಬಂದಿತ್ತು. 'ಒಂದೊಂದು ಚುಕ್ಕಿ ಎಲ್ಲಿ ಹೋತು ಅಂತ ಕೇಳಬ್ಯಾಡ್ರಿ' ಎಂದರು. 'ಗುಂಪು ಎಷ್ಟು, ಎಷ್ಟು ದೊಡ್ಡವು, ಅಷ್ಟ ಕೇಳ್ರಿ. ಅದು ಎರಡರಾಗೂ ಒಂದ ಬರತೈತಿ.' ಎಣಿಸಿದೆ. ಒಂದೇ ಬಂದಿತ್ತು. ಅಂದಿನಿಂದ ನನಗೆ ಧೈರ್ಯ ಬಂತು, ಬೇಕಾದುದಕ್ಕಿಂತ ಹೆಚ್ಚೇ ಬಂತು.

ಆ ಧೈರ್ಯದಲ್ಲೇ ಗಂಟುಗಳನ್ನು ಕಂಡದ್ದು. ನಾನು ತೆಗೆದುಕೊಂಡಿದ್ದು ಹಗುರ ಕಣಗಳಿಂದಾದ ವಿಶ್ವ. ಅಂಥದರಲ್ಲಿ ಕಣಗಳ ವೇಗಕ್ಕೆ ಸಣ್ಣ ಏರಿಳಿತಗಳೆಲ್ಲ ಮೊದಲೇ ಅಳಿಸಿಹೋಗುತ್ತವೆ, ಆದ್ದರಿಂದ ಸಣ್ಣ ಗುಂಪುಗಳು ಹುಟ್ಟಬಾರದು, ಉದ್ದನೆಯ ಎಳೆಗಳಷ್ಟೇ ಮೂಡಬೇಕು. ಎಳೆಗಳು ಮೂಡಿದ್ದವು. ಆದರೆ ಎಳೆಯ ಮೇಲೆ ಪೋಣಿಸಿದ ಹಾಗೆ ಸಣ್ಣ ಗಂಟುಗಳೂ ಇದ್ದವು. ಒಂದು ದೊಡ್ಡ ಎಳೆಯ ಮೇಲೆ ಹನ್ನೊಂದು. ಹುಟ್ಟಬಾರದ್ದು ಹುಟ್ಟಿದೆ ಎಂದರೆ ಹೊಸದನ್ನು ಕಂಡೆವು ಎಂದೇ ಅರ್ಥ ಅಲ್ಲವೇ? ಗೈಡ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. 'ಇದ ನಿಮ್ಮ ಥೀಸಿಸ್ಸು' ಎಂದರು. ಮೂರು ವರ್ಷ ಆ ಹನ್ನೊಂದು ಗಂಟುಗಳ ಸುತ್ತ ನಾಲ್ಕು ಅಧ್ಯಾಯ ಬರೆದೆ. ಗಂಟು ಕಟ್ಟಲು ಕಾರಣವನ್ನೂ ಕಂಡುಹಿಡಿದೆ, ಸಮೀಕರಣದ ಸಮೇತ. ಬುದ್ಧಿವಂತರಿಗೆ ಒಂದು ಶಾಪವಿದೆ, ಇಲ್ಲದ್ದಕ್ಕೂ ಕಾರಣ ಹೊಳೆಯುತ್ತದೆ.

ಇನ್ನು ಅಪ್ಪನ ವಿಷಯ. ಅಪ್ಪ ಮಮದಾಪುರದಲ್ಲಿ ಅಣ್ಣ-ವೈನಿಯ ಜೊತೆ ಇದ್ದ. ಓದಿದ್ದು ಮೂರನೇ ಇಯತ್ತೆ. ಆದರೆ ಸುತ್ತಲಿನ ಊರುಗಳಲ್ಲಿ ಅವನಿಗೊಂದು ಮರ್ಯಾದೆಯಿತ್ತು, ಅದು ಮೊದಲ ಸಾಲಿನ ಮರ್ಯಾದೆ. ನಮ್ಮ ಕಡೆ ಬಿತ್ತನೆಯಲ್ಲಿ ಎತ್ತಿನ ಕೂರಿಗೆ ಹೊಲದ ಒಂದು ಬದುವಿನಿಂದ ಇನ್ನೊಂದು ಬದುವಿಗೆ ಮೊದಲ ಸಲ ಹೋಗುವುದೇ ಮುಖ್ಯ. ಆ ಸಾಲು ನೆಟ್ಟಗಿದ್ದರೆ ಉಳಿದವೆಲ್ಲ ಅದನ್ನೇ ಹಿಡಿದು ನೆಟ್ಟಗೆ ಬರುತ್ತವೆ. ಅದು ಡೊಂಕಾದರೆ, ತಿಂಗಳ ಮೇಲೆ ಸಾಲಿನ ನಡುವೆ ಕುಂಟೆ ಹೊಡೆಯುವಾಗ ಕಸದ ಜೊತೆ ಬೆಳೆಯೂ ಕಿತ್ತು ಬರುತ್ತದೆ. ಅದಕ್ಕೆ ಬಿತ್ತನೆಯ ದಿನ ನಾಗನೂರಿನಿಂದಲೂ ಅಪ್ಪನಿಗೆ ಕರೆ ಬರುತ್ತಿತ್ತು. ಮೊದಲ ಸಾಲು ಹಿಡಿದುಕೊಟ್ಟು, ಒಂದು ಲೋಟ ಚಹಾ ಕುಡಿದು ಬರುತ್ತಿದ್ದ. ಬಿತ್ತಿದ ಹೊಲ ಹೇಗಿದೆ ಎಂದು ನೋಡಲು ಅವನು ನಿಂತು ನೋಡುತ್ತಿರಲಿಲ್ಲ. ಬದುವಿನ ಮೇಲೆ ಮಂಡಿಯೂರಿ, ಗಲ್ಲ ನೆಲಕ್ಕೆ ಹತ್ತುವಷ್ಟು ಬಗ್ಗಿ, ಒಂದು ಕಣ್ಣು ಮುಚ್ಚಿ ಸಾಲಿನ ಉದ್ದಕ್ಕೂ ನೋಡುತ್ತಿದ್ದ. ಮೇಲಿನಿಂದ ಎಲ್ಲವೂ ಹಸಿರು, ಕೆಳಗಿನಿಂದ ನೋಡಿದರೆ ಸಾಲು ತಾನಾಗಿ ಕಾಣುತ್ತದೆ.

ನಾಲ್ಕೂ ಅಧ್ಯಾಯ ಮುಗಿದ ವರ್ಷ ಪಂಚಮಿಗೆ ತವರಿಗೆ ಹೋದಾಗ ಚಿತ್ರವನ್ನೂ ಒಯ್ದಿದ್ದೆ. ಪ್ರಿಂಟರಿನ ಉದ್ದನೆಯ ಕಾಗದ, ಅಂಚಿಗೆಲ್ಲ ತೂತು, ನಡುವೆ ಸಾವಿರಾರು ಚುಕ್ಕಿ. ಪಡಸಾಲೆಯ ಗೋಡೆಗೆ ಅಂಟಿಸಿ ಜಂಬದಿಂದ ನಿಂತೆ. ನನ್ನ ಎರಡೂ ಮನೆಗಳಲ್ಲಿ ಈ ಕಾಗದವನ್ನು ಪೂರ್ತಿ ನೋಡಬೇಕು ಅನ್ನಿಸಿದ್ದು ಅಪ್ಪನಿಗೆ ಮಾತ್ರ. ಗೋಡೆಯ ಮೇಲೆ ಇದ್ದದ್ದು ಅವನಿಗೆ ಹಿಡಿಸಲಿಲ್ಲ. ಕಿತ್ತು ತಂದು ನೆಲದ ಮೇಲೆ ಹಾಸಿದ. ಸುತ್ತ ಒಂದು ಸಲ ತಿರುಗಿದ. ಆಮೇಲೆ ಮಂಡಿಯೂರಿ, ಗಲ್ಲ ನೆಲಕ್ಕೆ ತಾಗಿಸಿ, ಒಂದು ಕಣ್ಣು ಮುಚ್ಚಿದ. ಒಳಗಿನಿಂದ ಬಂದ ವೈನಿ, 'ಏನ ಬಿದ್ದೈತ್ರಿ ಮಾವಾರ, ನಾ ಹುಡುಕಿ ಕೊಡತೀನಿ' ಎಂದಳು. ಅಪ್ಪ ಕೈಯಿಂದಲೇ ಸುಮ್ಮನಿರು ಎಂದ.

'ಇದಕ್ಕ ಕೂರಗಿ ಯಾರ ಹೊಡದಾರ?' ಎಂದು ಕೇಳಿದ.

'ಕೂರಗಿ ಅಲ್ಲಪ್ಪಾ. ಇದು ಆಕಾಶ.'

'ಆಕಾಶನ ಇರಲಿ. ಬಿತ್ತಿದವರ ಯಾರು?'

ನನಗೆ ನಗು ಬಂತು. 'ನಾನ' ಎಂದೆ.

'ಸಾಲು ಹಿಡದ ಬಿತ್ತಿಯೇನು?'

'ಹೂಂ. ಮೊದಲ ಸಾಲಾಗಿ ಇಡೋದು. ಆಮ್ಯಾಲ ಅವು ಒಂದನ್ನೊಂದು ಜಗ್ಗಿ ತಮ್ಮಷ್ಟಕ್ಕ ತಾವ ಸರೀತಾವು. ಸಾಲು ಎಲ್ಲಾ ಅಳಿಸಿ ಹೋಗತಾವು.'

ಅಪ್ಪ ತಲೆ ಅಲ್ಲಾಡಿಸಿದ. ದೊಡ್ಡ ಎಳೆಯ ಗಂಟುಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ಅಳೆದ. 'ಇಲ್ಲಿಂದ ಇಲ್ಲಿಗೆ ನಾಕ ಬೆರಳು. ಇಲ್ಲಿಂದ ಇಲ್ಲಿಗೂ ನಾಕ. ಇಲ್ಲೂ ನಾಕ. ತಾನ ಹುಟ್ಟಿದ್ದು ಹಿಂಗ ಹುಟ್ಟಂಗಿಲ್ಲ ತಂಗೀ. ಕಸಾ ನೋಡು, ಎಲ್ಲಿ ಬೇಕಾದಲ್ಲಿ ಹುಟ್ಟತೈತಿ. ಅಳತಿ ಹಿಡದ ಹುಟ್ಟೂದು ಬಿತ್ತಿದ್ದ ಅಷ್ಟ. ಸಾಲು ಅಳಿಸಿಲ್ಲ. ಈ ಗಂಟು ಆಕಾಶದ್ದಲ್ಲ, ನಿನ್ನ ಕೂರಗೀದು.'

ಅವನೇ ಮುಂದುವರಿಸಿದ: 'ಸಂಶೆ ಇದ್ರ ಹಿಂಗ ಮಾಡು. ಅದ ಹೊಲಾ, ಅದ ಬೀಜಾ, ಸಾಲು ಮಾತ್ರ ಅರ್ಧಾ ಅಂತರಕ್ಕ ಹಾಕು. ಗಂಟು ಇದ್ದಲ್ಲೇ ಇದ್ರ ಅವು ಆಕಾಶದ್ದು. ಅವೂ ಅರ್ಧಾ ಅಂತರಕ್ಕ ಬಂದ್ರ ನಿಂದು.'

ಅವನ ಮಾತು ಕಿವಿಗೆ ಬಿದ್ದ ಗಳಿಗೆಯಲ್ಲೇ ಅದು ಸರಿ ಎಂದು ನನಗೆ ತಿಳಿದಿತ್ತು. ಇದನ್ನು ಈಗ ಮುಚ್ಚಿಡುವುದಿಲ್ಲ. ಅದಕ್ಕೇ ಸಿಟ್ಟು ಏರಿತು. 'ಮೂರನೇತ್ತಾ ಕಲ್ತ ನಿನಗ ಇದರಾಗಿಂದ ಏನ ತಿಳೀತೈತಿ?' ಎಂದೆ. 'ಹೊಲದ ಮಾತು ಹೊಲದಾಗ ಇರಲಿ.' ವೈನಿ ಅಲ್ಲಿಂದ ಎದ್ದು ಹೋದಳು. ಅಪ್ಪ ಮಾತ್ರ ಬೇಸರ ಮಾಡಿಕೊಳ್ಳಲಿಲ್ಲ. 'ಇರಬಹುದು. ನನಗ ಕಂಡಿದ್ದ ಹೇಳಿದೆ' ಎಂದು ಕಾಗದವನ್ನು ಮಡಿಕೆ ತಪ್ಪದಂತೆ ಮಡಿಸಿ ಕೊಟ್ಟ.

ಅರ್ಧ ಅಂತರ ಎಂದರೆ ಬಾಯಲ್ಲಿ ಹೇಳಿದಷ್ಟು ಹಗುರವಲ್ಲ. ಉದ್ದಕ್ಕೂ ಎರಡು ಪಟ್ಟು, ಅಗಲಕ್ಕೂ ಎರಡು ಪಟ್ಟು, ಎತ್ತರಕ್ಕೂ ಎರಡು ಪಟ್ಟು, ಒಟ್ಟು ಎಂಟು ಪಟ್ಟು ಚುಕ್ಕಿ. ನಮ್ಮ ಯಂತ್ರಕ್ಕೆ ಅಷ್ಟು ನೆನಪಿನ ಶಕ್ತಿ ಇರಲಿಲ್ಲ. ಮೂರು ತಿಂಗಳು ಅದೇ ನೆವ ಹೇಳಿಕೊಂಡು ಕಾಲ ಕಳೆದೆ. ದೀಪಾವಳಿ ರಜೆಯಲ್ಲಿ ಪ್ರಿನ್ಸಿಪಾಲರನ್ನು ಕೇಳಿ, ಲ್ಯಾಬಿನ ಬೇರೆ ಎರಡು ಕಂಪ್ಯೂಟರುಗಳ ಮೆಮರಿ ಕಿತ್ತು ಒಂದಕ್ಕೇ ಹಾಕಿಸಿದೆ. ಹದಿನೆಂಟು ದಿನ ಓಡಿತು. ಕಾಲೇಜಿನಲ್ಲಿ ಯಾರೂ ಇಲ್ಲ. ನಾನು ದಿನಾ ಹತ್ತಕ್ಕೆ ಬಂದು ಪರದೆಯ ಮೇಲೆ ಏರುವ ಅಂಕಿಯೊಂದನ್ನು ನೋಡುತ್ತ ಕೂತು, ನಾಲ್ಕಕ್ಕೆ ಎದ್ದು ಹೋಗುತ್ತಿದ್ದೆ. ದೂರದಲ್ಲಿ ಗಿರಣಿಯ ಭೋಂಗಾ ಕೂಗುತ್ತಿತ್ತು.

ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಚಿತ್ರ ಅಚ್ಚಾಯಿತು. ಅದನ್ನು ನಾನು ಗೋಡೆಗೆ ಹಚ್ಚಲಿಲ್ಲ. ಲ್ಯಾಬಿನ ಮೇಜಿನ ಮೇಲೆ ಹಾಸಿ, ಬಗ್ಗಿ, ಮೇಜಿಗೆ ಗಲ್ಲ ತಾಗಿಸಿ, ಒಂದು ಕಣ್ಣು ಮುಚ್ಚಿ ನೋಡಿದೆ. ದೊಡ್ಡ ಎಳೆ ಇದ್ದಲ್ಲೇ ಇತ್ತು. ಎಳೆ ಆಕಾಶದ್ದೇ. ಅದರ ಮೇಲೆ ಹನ್ನೊಂದಿದ್ದ ಕಡೆ ಈಗ ಇಪ್ಪತ್ತೆರಡು ಗಂಟು. ಅಂತರ ಎರಡು ಬೆರಳು. ಮತ್ತೊಂದು ಎಳೆಗೆ ಕಣ್ಣಿಟ್ಟೆ, ಅಲ್ಲೂ ಎರಡು ಬೆರಳು. ಎಲ್ಲಿ ನೋಡಿದರೂ ಎರಡು ಬೆರಳು. ನಾನು ಮೂರು ವರ್ಷ ಕಾರಣ ಕೊಟ್ಟು, ಸಮೀಕರಣ ಬರೆದು, ಹೆಸರಿಟ್ಟು ಸಾಕಿದ್ದು ನನ್ನದೇ ಸಾಲುಗಳ ಗುರುತನ್ನು. ವಿಶ್ವ ಅಲ್ಲಿ ಒಂದು ಮಾತೂ ಆಡಿರಲಿಲ್ಲ.

ಬೆನ್ನು ನೆಟ್ಟಗೆ ಮಾಡಲು ಬರಲಿಲ್ಲ. ಹಾಗೇ ಮೇಜಿಗೆ ಗಲ್ಲ ಹಚ್ಚಿಕೊಂಡು ಅತ್ತುಬಿಟ್ಟೆ. ಬಸ್ಸಿನ ಹೊತ್ತಾದಾಗ ಮುಖ ತೊಳೆದುಕೊಂಡು ಹೋಗಿ ಹೊತ್ತಿಗೆ ಸರಿಯಾಗಿ ಊಟಕ್ಕೆ ಕೂತೆ. ಅತ್ತೆ ಎರಡನೇ ರೊಟ್ಟಿ ಹಾಕುತ್ತ, 'ಮುಗೀತೇನ ನಿನ್ನ ಮಿಶಿನ್ನಿನ ಕೆಲಸಾ?' ಎಂದರು. ಮುಗಿಯಿತು ಎಂದೆ.

ಗೈಡ್ ಮೇಜಿನ ಮೇಲೆ ಎರಡೂ ಚಿತ್ರಗಳನ್ನು ಇಟ್ಟೆ. ಅವರಿಗೆ ವಿವರಿಸಬೇಕಾಗಲಿಲ್ಲ, ಮೋಸ ಮಾಡುವ ಮನುಷ್ಯರೂ ಅಲ್ಲ ಅವರು, ದಣಿದಿದ್ದರು. 'ಮಾರ್ಚ್‌ಗೆ ನಿಮ್ಮ ರಿಜಿಸ್ಟ್ರೇಷನ್ ಮುಗೀತೈತಿ. ಮತ್ತ ವಾಯಿದೆ ಸಿಗಂಗಿಲ್ಲ. ಜೂನ್‌ಗೆ ನಾ ರಿಟೈರ್' ಎಂದರು. 'ಹೊಸಾದು ಬರಿಯಾಕ ಆಗತೈತೇನ್ರಿ ನಿಮಗ?'

'ಇದನ್ನ ಬರದ್ರ?' ಎಂದೆ. 'ಗಂಟು ಖರೇವಲ್ಲ, ಜೋಡಣಿಯಿಂದ ಬಂದಾವು ಅಂತ ಬರದ್ರ?'

'ತಪ್ಪು ಕಂಡೆ ಅಂತ ಬರದ್ರ ಯಾರ ಪದವಿ ಕೊಡತಾರ್ರಿ ಮೇಡಂ' ಎಂದು ಎರಡನೇ ಚಿತ್ರವನ್ನು ಮಡಿಸಿ ನನ್ನ ಕಡೆ ಸರಿಸಿದರು. 'ಎಂಟ ಪಟ್ಟಿನ ಓಟ ನಮ್ಮ ಮಿಶಿನ್ನ್ಯಾಗ ಆಗಂಗಿಲ್ಲ ಅಂತ ಎಲ್ಲಾರಿಗೂ ಗೊತ್ತೈತಿ. ಯಾರೂ ಕೇಳಂಗಿಲ್ಲ.'

ಅವರು ಸರಿಸಿದರು ನಿಜ, ಚೀಲಕ್ಕೆ ಹಾಕಿಕೊಂಡವಳು ನಾನು. ಅವರ ಮೇಲೆ ಹೊರಿಸಿ ಕೈ ತೊಳೆದುಕೊಳ್ಳಲು ಎಷ್ಟೋ ಸಲ ನೋಡಿದ್ದೇನೆ. ಆಗುವುದಿಲ್ಲ. ಅರೆ ಮನಸ್ಸಿನ ಒಂದು ಸಾಲನ್ನು ಕೊನೆಯ ಅಧ್ಯಾಯದಲ್ಲಿ ಸೇರಿಸಿದೆ: ಹೆಚ್ಚಿನ ಚುಕ್ಕಿಗಳೊಂದಿಗೆ ಮುಂದೆ ಪರೀಕ್ಷಿಸಬಹುದು. ಪರೀಕ್ಷಿಸಿದ ಕಾಗದ ಹುಕ್ಕೇರಿಯ ಮನೆಯಲ್ಲಿ ನನ್ನ ಸೀರೆಗಳ ಅಡಿಯಲ್ಲಿತ್ತು.

ಅಷ್ಟಕ್ಕೇ ನಿಂತಿದ್ದರೂ ಬದುಕಬಹುದಿತ್ತೇನೋ. ನನ್ನ ಥೀಸಿಸ್ ಓದಿ ಯಾರ ಮನೆಯೂ ಮುಳುಗಲಿಲ್ಲ, ಯಾಕೆಂದರೆ ಯಾರೂ ಓದಲಿಲ್ಲ. ಆದರೆ ಅಪ್ಪ ಕಾಯುತ್ತಿದ್ದ. ಆ ದೀಪಾವಳಿ ರಜೆಯ ಕೊನೆಗೆ ಮಮದಾಪುರಕ್ಕೆ ಹೋದಾಗ ಚಪ್ಪಲಿ ಬಿಡುವ ಮೊದಲೇ ಕೇಳಿದ: 'ಅರ್ಧಾ ಅಂತರಕ್ಕ ಹಾಕಿದೆಯೇನು?'

'ಹಾಕಿದೆ.'

'ಏನ ಬಂತು?'

'ಗೊತ್ತಾಗಲಿಲ್ಲ' ಎನ್ನಬಹುದಿತ್ತು. 'ಕರೆಂಟ್ ಹೋತು' ಎನ್ನಬಹುದಿತ್ತು. ಆದರೆ ಅಪ್ಪನ ಬಾಯಿಯಿಂದ ಆ ಸಾಲಿನ ಮಾತು ಊರೊಳಗೆ, ಊರಿನಿಂದ ಹುಕ್ಕೇರಿಗೆ, ಅಲ್ಲಿಂದ ಇನ್ನೆಲ್ಲಿಗೋ ಹೋದೀತೆಂದು ಹೆದರಿದೆ. ಅದನ್ನು ಅಲ್ಲೇ ಪೂರ್ತಿ ಮುಗಿಸಬೇಕೆನಿಸಿತು. 'ಗಂಟು ಇದ್ದಲ್ಲೇ ಅದಾವಪ್ಪಾ' ಎಂದೆ. 'ಸಾಲು-ಗೀಲು ಏನೂ ಇಲ್ಲ. ಅದು ಬರೇ ನಿನ್ನ ಕಣ್ಣಿಗೆ ಕಂಡಿದ್ದು.'

ಅಪ್ಪ ಬೆರಳಿನಿಂದ ಕಣ್ಣುಜ್ಜಿಕೊಂಡ. ಆಮೇಲೆ ಅವನ ಮುಖದಲ್ಲಿ ಖುಷಿ ಕಂಡಿತು, ನನ್ನ ಸಲುವಾಗಿ. 'ಚಲೋ ಆತು ಬಿಡು. ನಾ ಸುಮ್ಮನ ನಿನ್ನ ತಲಿ ಕೆಡಿಸಿದ್ದೆ' ಎಂದ. ವೈನಿಗೆ ಕೂಗಿ ಹೇಳಿ ಆ ದಿನ ಹೋಳಿಗೆ ಮಾಡಿಸಿದ. ನಾನು ಎರಡು ತಿಂದೆ.

ಪದವಿ ಬಂತು. ಕಾಲೇಜಿನಲ್ಲಿ ಶಾಲು ಹೊದಿಸಿದರು, ಹುಕ್ಕೇರಿಯ ಮನೆಯ ಬಾಗಿಲಿಗೆ ಗಂಡ ಹೆಸರಿನ ಫಲಕ ಹಾಕಿಸಿದರು. ಮುಂದಿನ ಮುಂಗಾರಿನಲ್ಲಿ ನಾಗನೂರಿನವರು ಮೊದಲ ಸಾಲು ಹಿಡಿಯಲು ಅಪ್ಪನನ್ನು ಕರೆಯಲು ಬಂದರಂತೆ. ಅಪ್ಪ ಒಲ್ಲೆ ಎಂದನಂತೆ. 'ನನ್ನ ಕಣ್ಣ ಹೋಗ್ಯಾವು. ಇಲ್ಲದ ಸಾಲು ಕಾಣಾಕತ್ತಾವು. ಬ್ಯಾರೆಯವರನ್ನ ಕರಕೊಂಡ ಹೋಗ್ರಿ.' ಅವರು ಚಹಾ ಕುಡಿಯದೆ ಎದ್ದು ಹೋದರಂತೆ. ನಮ್ಮ ಸ್ವಂತ ಹೊಲದ ಬಿತ್ತನೆಗೂ ಅಣ್ಣನೇ ಮುಂದೆ ನಿಂತ, ಅಪ್ಪ ಬದುವಿನ ಮೇಲೆ ಕೂತು ಬೇರೆ ಕಡೆ ನೋಡುತ್ತಿದ್ದ.

ಅಣ್ಣ ಅವನನ್ನು ಮೂಡಲಗಿಯಲ್ಲಿ ಕಣ್ಣಿನ ಡಾಕ್ಟರರಿಗೆ ತೋರಿಸಿದ. ಗೋಡೆಯ ಮೇಲಿನ ಅಕ್ಷರ ಓದಿಸಿ, ದೀಪ ಬಿಟ್ಟು ನೋಡಿ, ಈ ವಯಸ್ಸಿಗೆ ಇಂಥ ಕಣ್ಣು ಸಿಗುವುದು ಕಷ್ಟ, ಏನೂ ಆಗಿಲ್ಲ ಎಂದು ಅವರು ಹೇಳಿ ಕಳಿಸಿದರು. ಅಪ್ಪ ನಂಬಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿದ್ದನ್ನು ಅಣ್ಣ ಹುಕ್ಕೇರಿಗೆ ಬಂದಾಗ ನಗೆಯ ಮಾತಿನಂತೆ ನಮಗೆಲ್ಲ ಹೇಳಿದ: 'ಡಾಕ್ಟರ್‌ಗ ಅಕ್ಷರ ಓದಸಾಕ ಬರತೈತಿ. ಸಾಲು ನೋಡೂದು ಅವನಿಗೇನ ಗೊತ್ತು? ನನ್ನ ಮಗಳು ಮಿಶಿನ್ನ್ಯಾಗ ಹಾಕಿ ನೋಡ್ಯಾಳ.' ಮನೆಯವರೆಲ್ಲ ನಕ್ಕರು, ನನ್ನ ಗಂಡ ಹೆಮ್ಮೆಯಿಂದ ನಕ್ಕರು. ನಾನು ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಆ ದಿನವೇ ಹೇಳಬೇಕಿತ್ತು. ಹೇಳಲಿಲ್ಲ. ನಾಳೆ ಎಂದೆ, ಪಂಚಮಿಗೆ ಎಂದೆ, ಹೀಗೆ ಏಳೆಂಟು ವರ್ಷ. ಪ್ರತಿ ವರ್ಷ ಬಿತ್ತನೆ ಬಂದಾಗ ನನಗೆ ಊಟ ಸೇರುತ್ತಿರಲಿಲ್ಲ. ಊರಿಗೆ ಟ್ರ್ಯಾಕ್ಟರ್ ಕೂರಿಗೆ ಬಂತು, ಮೊದಲ ಸಾಲು ಹಿಡಿಯುವವರು ಯಾರಿಗೂ ಬೇಡವಾದರು. ಅಪ್ಪನನ್ನು ಕರೆಯುವುದನ್ನು ಜನ ಬಿಟ್ಟದ್ದು ಟ್ರ್ಯಾಕ್ಟರಿನಿಂದ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳ ಹೋದೆ. ಟ್ರ್ಯಾಕ್ಟರ್ ಬಂದದ್ದು ಆಮೇಲೆ.

ಕಾಲೇಜಿಗೆ ಇಂಟರ್ನೆಟ್ ಬಂದ ಮೇಲೆ ಒಂದು ಮಧ್ಯಾಹ್ನ ಸುಮ್ಮನೆ ಹುಡುಕುತ್ತ ಕೂತಿದ್ದೆ. ನಮ್ಮ ತಾಲೂಕಿನ ಕಂಪ್ಯೂಟರುಗಳನ್ನೆಲ್ಲ ಕೂಡಿಸಿದರೂ ಸಾಟಿಯಾಗದ ಯಂತ್ರಗಳಲ್ಲಿ ಇದೇ ಕೆಲಸ ಮಾಡುವ ಪರದೇಶದವರು ಬರೆದದ್ದು ಕಣ್ಣಿಗೆ ಬಿತ್ತು. ಇಂಥ ವಿಶ್ವದಲ್ಲಿ ಎಳೆಗಳ ಮೇಲೆ ಸಮ ಅಂತರದಲ್ಲಿ ಕಾಣುವ ಸಣ್ಣ ಗಂಟುಗಳು ನಿಜವಲ್ಲ, ಮೊದಲ ಜೋಡಣೆಯ ಅಂತರದಿಂದ ಹುಟ್ಟಿದವು, ಚುಕ್ಕಿ ಹೆಚ್ಚಿಸಿದರೆ ಅಂತರ ಕಡಿಮೆಯಾಗುತ್ತದೆ ಎಂದು. ಅದನ್ನು ಅವರು ನಾಚಿಕೆಯಿಂದ ಬರೆದಿರಲಿಲ್ಲ. ಎಲ್ಲರೂ ತಿಳಿಯಬೇಕಾದ ಎಚ್ಚರಿಕೆ ಎಂದು ತಲೆ ಎತ್ತಿ ಬರೆದಿದ್ದರು. ಮಂಡಿಯೂರಿ ಒಂದು ಕಣ್ಣು ಮುಚ್ಚಿ ನನ್ನ ಅಪ್ಪ ಪಡಸಾಲೆಯಲ್ಲಿ ಹೇಳಿದ್ದು ಅದೇ ಮಾತು. ನನ್ನ ಏಳು ವರ್ಷದಲ್ಲಿ ಹೇಳಲು ಯೋಗ್ಯವಾದದ್ದು ಅದೊಂದೇ ಇತ್ತು. ಅದನ್ನು ಸೀರೆಯ ಅಡಿಗೆ ಹಾಕಿ, ಉಳಿದ ಕಸವನ್ನೆಲ್ಲ ಬೈಂಡು ಮಾಡಿಸಿ ಕೊಟ್ಟಿದ್ದೆ.

ಮರುದಿನ ರಜೆ ಹಾಕಿ ಎರಡೂ ಕಾಗದ ತೆಗೆದುಕೊಂಡು ಮಮದಾಪುರಕ್ಕೆ ಹೋದೆ. ಬೆಳಗಿನ ಹೊತ್ತು, ಅಪ್ಪ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದ. ಬಹಳ ಸೊರಗಿದ್ದ. ಎದುರಿಗೆ ಕೂತು ಒಂದೇ ಉಸಿರಿಗೆ ಹೇಳಿದೆ: 'ಅಪ್ಪಾ, ಅವತ್ತ ನಾ ಸುಳ್ಳ ಹೇಳಿದ್ದೆ. ನೀ ಹೇಳಿದ್ದ ಖರೆ ಇತ್ತು. ಅರ್ಧಾ ಅಂತರಕ್ಕ ಹಾಕಿದಾಗ ಗಂಟು ಅರ್ಧಾ ಅಂತರಕ್ಕನ ಬಂದಿದ್ವು. ನಿನ್ನ ಕಣ್ಣಿಗೆ ಏನೂ ಆಗಿಲ್ಲ.'

ಅಪ್ಪ ನನ್ನನ್ನೇ ನೋಡಿದ, ಕರುಣೆಯಿಂದ. 'ಸುಳ್ಳ ಹೇಳಾಕಿ ಅಲ್ಲ ನೀ' ಎಂದ. 'ಮುದುಕನ ಸಮಾಧಾನಕ್ಕ ಈಗ ಹೇಳಾಕತ್ತಿ. ಬಿಡು, ವಯಸ್ಸಾದ ಮ್ಯಾಲ ಎಲ್ಲಾರ ಕಣ್ಣೂ ಹೋಗತಾವು.'

'ಇಲ್ಲಪ್ಪಾ, ನೋಡು ಬೇಕಾರ. ಇದು ಮೊದಲಿಂದು. ಇದು ಅರ್ಧಾ ಅಂತರದ್ದು.' ಎರಡನ್ನೂ ನೆಲದ ಮೇಲೆ ಹಾಸಿದೆ. ಬೇಡ ಎಂದ. ನಾನು ಬಿಡಲಿಲ್ಲ, ಕಾಲು ಮುಟ್ಟಿ ಬೇಡಿಕೊಂಡೆ. ಕೊನೆಗೆ ಕಂಬ ಹಿಡಿದು ಎದ್ದು, ನಿಧಾನವಾಗಿ ಮಂಡಿಯೂರಿದ. ಗಲ್ಲ ನೆಲಕ್ಕೆ ತರಲು ಬಹಳ ಹೊತ್ತು ಬೇಕಾಯಿತು. ಒಂದು ಕಣ್ಣು ಮುಚ್ಚಿದ. ಮೊದಲ ಕಾಗದ ನೋಡಿದ, ಆಮೇಲೆ ಮಂಡಿಯ ಮೇಲೆಯೇ ಸರಿದು ಎರಡನೆಯದನ್ನು ನೋಡಿದ. ಬೆರಳಿಟ್ಟು ಅಳೆದ.

'ಇದರಾಗ ಸಾಲು ಕಾಣ್ತಾವು' ಎಂದ. 'ಇದರಾಗೂ ಕಾಣ್ತಾವು. ಇನ್ನಾ ಹತ್ತರ ಹತ್ತರ ಕಾಣ್ತಾವು.'

'ಹೌದಪ್ಪಾ. ಅದನ ನಾ ಹೇಳೂದು.'

ಅಪ್ಪ ಕಣ್ಣು ತೆರೆದು, ನೆಲದ ಮೇಲೆಯೇ ಕೂತು, ಎರಡೂ ಕಾಗದಗಳನ್ನು ನನ್ನ ಕಡೆ ಸರಿಸಿದ. 'ಕಣ್ಣ ಪೂರಾ ಕೆಟ್ಟ ಹೋಗ್ಯಾವ ನೋಡು' ಎಂದ. 'ಆಗ ಒಂದರಾಗ ಅಷ್ಟ ಕಾಣ್ತಿದ್ವು. ಈಗ ಎಲ್ಲಾದರಾಗೂ ಕಾಣಾಕತ್ತಾವು.'

ಏಳಲು ಅವನಿಗೆ ಆಗಲಿಲ್ಲ. ನಾನು ಕೈ ಕೊಟ್ಟು ಎಬ್ಬಿಸಿದೆ.